ಸಂಘ ಇದೆ, ಒಪ್ಪಂದ ಎಲ್ಲಿ?

(ಬೆಂಗಳೂರಿನಲ್ಲಿ ಕಿರುತೆರೆ ಕಲಾವಿದರು, ತಂತ್ರಜ್ಞರು ಮತ್ತು ಕೆಲವು ಪತ್ರಕರ್ತರು ಸೇರಿದ್ದ ಸಣ್ಣ ಸಭೆಯಲ್ಲಿ, ಕಂಠದಾನ ಕಲಾವಿದೆಯಾದ ನಾನು ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶೂಟಿಂಗ್ ಮುಗಿಸಿ ಹಾಗೇ ಬಂದವರಿದ್ದೀರಿ, ಕೆಲವರ ಮುಖದ ಮೇಲೆ ಇನ್ನೂ ಬೇಸ್ ಕಾಣುತ್ತಿದೆ. ಹೆಚ್ಚು ಹೊತ್ತು ಹಿಡಿದು ಕೂರಿಸುವುದಿಲ್ಲ.

ಬೆಂಗಳೂರಿನಲ್ಲಿ ನಮ್ಮಂಥವರ ಸಂಘಗಳಿಗೆ ಬರ ಇಲ್ಲ. ಚಾಮರಾಜಪೇಟೆಯಲ್ಲಿ ಚಲನಚಿತ್ರ ಕಲಾವಿದರ ಸಂಘಕ್ಕೆ ದೊಡ್ಡ ಕಟ್ಟಡವೇ ಇದೆ. ಶಿವಾನಂದ ಸರ್ಕಲ್ ಹತ್ತಿರ ಫಿಲಂ ಚೇಂಬರ್ ಇದೆ. ಸಿನಿಮಾ ಕಾರ್ಮಿಕರು, ತಂತ್ರಜ್ಞರು, ಕಲಾವಿದರನ್ನು ಸೇರಿಸಿದ ಒಕ್ಕೂಟ ಇದೆ. ನಿರ್ದೇಶಕರಿಗೆ ಒಂದು, ಸಾಹಸ ಕಲಾವಿದರಿಗೆ ಒಂದು ಅಂತ ವಿಭಾಗಕ್ಕೊಂದು ಸಂಘ. ಟಿವಿಯವರಿಗೆ ಬೇರೆ ಅಸೋಸಿಯೇಷನ್. ಪತ್ರಕರ್ತರಿಗೆ ಕಾರ್ಯನಿರತ ಪತ್ರಕರ್ತರ ಸಂಘ, ಅದರ ಜೊತೆಗೆ ಪ್ರೆಸ್ ಕ್ಲಬ್. ರಾಜ್ಯೋತ್ಸವ ನಡೆಯುತ್ತದೆ, ಕ್ರಿಕೆಟ್ ಟೂರ್ನಿ ನಡೆಯುತ್ತದೆ, ಹಿರಿಯರಿಗೆ ಶಾಲು ಹೊದಿಸುತ್ತೇವೆ. ಯಾರಿಗಾದರೂ ಹುಷಾರಿಲ್ಲ ಅಂದರೆ ಕೈಲಾದಷ್ಟು ಸಹಾಯವೂ ಆಗುತ್ತದೆ. ಅದನ್ನು ಹಗುರವಾಗಿ ಹೇಳುತ್ತಿಲ್ಲ. ಕೋವಿಡ್ ಸಮಯದಲ್ಲಿ ದಿನಸಿ ಕಿಟ್ ಮನೆಗೆ ತಲುಪಿಸಿದ್ದೂ ಇಂಥ ಸಂಘಗಳವರೇ.

ಈಗ ಒಂದು ಪ್ರಶ್ನೆ. ಸದ್ಯ ಮಾಡುತ್ತಿರುವ ಕೆಲಸದ ಬಗ್ಗೆ ಬರವಣಿಗೆಯಲ್ಲಿ ಒಪ್ಪಂದ ಆಗಿ, ಅದರ ಒಂದು ಪ್ರತಿ ನಿಮ್ಮ ಕೈಯಲ್ಲೇ ಇರುವವರು ಎಷ್ಟು ಜನ? ಕೈ ಎತ್ತಿ.

(ಎತ್ತಿದ ಕೈಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಸಾಕಾಗಿದ್ದವು.)

ನೋಡಿದಿರಲ್ಲ. ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಸಂಘವನ್ನು ಅದರ ಕಟ್ಟಡದಿಂದ, ಅಧ್ಯಕ್ಷರಿಂದ, ಸಮಾರಂಭಗಳಿಂದ ಅಳೆಯಬೇಡಿ. ಎದುರು ಪಾರ್ಟಿಯ ಹತ್ತಿರ ಅದು ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡಿದೆ ಅಂತ ಕೇಳಿ. ಕೂಲಿ ಎಷ್ಟು, ಎಷ್ಟು ಗಂಟೆ ಕೆಲಸ, ದುಡ್ಡು ಯಾವತ್ತು, ಬಿದ್ದು ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ. ಈ ನಾಲ್ಕು ಮಾತು ಕಾಗದದ ಮೇಲೆ ಇಲ್ಲದಿದ್ದರೆ ನಮ್ಮ ಹತ್ತಿರ ಇರುವುದು ಬಳಗ. ಬಳಗ ಒಳ್ಳೆಯದೇ, ಆದರೆ ಅದರಿಂದ ಸಂಬಳ ಬರುವುದಿಲ್ಲ.

ಮೊದಲು ಯಾರು ಯಾರ ಕಡೆಯವರು ಅಂತ ನೋಡೋಣ. ನಮ್ಮಲ್ಲಿ ಇದೇ ಗೋಜಲು ಜಾಸ್ತಿ. ಫಿಲಂ ಚೇಂಬರ್ ಶುರುವಾಗಿದ್ದು 1944ರಲ್ಲಿ. ಅದು ನಿರ್ಮಾಪಕರು, ವಿತರಕರು, ಪ್ರದರ್ಶಕರ ಸಂಸ್ಥೆ. ಅಂದರೆ ದುಡ್ಡು ಹಾಕುವವರ ಕಡೆಯದು. ತಪ್ಪೇನಿಲ್ಲ, ಮಾಲೀಕರಿಗೂ ಸಂಘ ಬೇಕು. ಆದರೆ ನಮ್ಮಲ್ಲಿ ಪೇಮೆಂಟ್ ಬಾಕಿ ಆದ ಲೈಟ್ ಹುಡುಗನೂ ಕೊನೆಗೆ ಅಲ್ಲಿಗೇ ಹೋಗಿ ಅರ್ಜಿ ಕೊಡುತ್ತಾನೆ. ಯಾರೋ ಹಿರಿಯರು ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ. ಅಂಬರೀಶ್ ಇದ್ದಷ್ಟು ದಿನ ಇಂಡಸ್ಟ್ರಿಯ ಎಷ್ಟೋ ಜಗಳಗಳು ಅವರ ಒಂದು ಗದರಿಕೆಗೆ ಬಗೆಹರಿಯುತ್ತಿದ್ದವು. 2018ರಲ್ಲಿ ಅವರು ಹೋದರು. ಈಗ ಹಾಗೆ ಗದರಿಸಲು ಯಾರಿದ್ದಾರೆ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಶ್ನೆ ಬೇರೆ: ಒಬ್ಬ ದೊಡ್ಡ ಮನುಷ್ಯ ಇದ್ದಾಗ ಮಾತ್ರ ನಮ್ಮ ಕೂಲಿ ಸಿಗುವಂತೆ ಇಟ್ಟುಕೊಂಡಿದ್ದೇಕೆ?

ಇನ್ನು ನೋಂದಣಿ. ಎಷ್ಟೋ ಕಲಾವಿದರ ಸಂಘಗಳು ಸೊಸೈಟಿ ಕಾಯ್ದೆಯಡಿ ನೋಂದಣಿ ಆಗಿರುತ್ತವೆ, ಬಡಾವಣೆಯ ಸಾಂಸ್ಕೃತಿಕ ಸಂಘ ಆದ ಹಾಗೆ. ಟ್ರೇಡ್ ಯೂನಿಯನ್ ಆಗಿ ನೋಂದಣಿ ಆಗುವುದು ಬೇರೆ ವಿಷಯ. 1926ರ ಕಾಯ್ದೆಯಿಂದಲೂ ಅದಕ್ಕೆ ಒಂದು ವಿಶೇಷ ರಕ್ಷಣೆ ಇದೆ. ಕೂಲಿ ವಿವಾದದಲ್ಲಿ ಸದಸ್ಯರು ಒಟ್ಟಾಗಿ ಕೆಲಸ ನಿಲ್ಲಿಸಿದರೆ, ಸುಮ್ನೆ ಅದೊಂದೇ ಕಾರಣಕ್ಕೆ ಒಳಸಂಚು ಅಂತ ಕೇಸ್ ಹಾಕಲಾಗುವುದಿಲ್ಲ, ನಷ್ಟ ಕಟ್ಟಿಕೊಡಿ ಅಂತ ದಾವೆ ಹೂಡಲೂ ಆಗುವುದಿಲ್ಲ. ಸೊಸೈಟಿಗೆ ಈ ರಕ್ಷಣೆ ಇಲ್ಲ. ನಿಮ್ಮ ಸಂಘದ ನೋಂದಣಿ ಪತ್ರ ಯಾವ ಕಾಯ್ದೆಯದು ಅಂತ ಒಮ್ಮೆ ತೆಗೆದು ನೋಡಿ.

ಈಗ ವೌಚರ್ ಕಥೆಗೆ ಬರುತ್ತೇನೆ. ಇಲ್ಲಿ ಇರುವವರಿಗೆಲ್ಲ ಗೊತ್ತಿರುವುದೇ. ಆದರೂ ಒಮ್ಮೆ ಹತ್ತಿರದಿಂದ ನೋಡೋಣ.

ರಾಜರಾಜೇಶ್ವರಿ ನಗರದ ಒಂದು ಶೂಟಿಂಗ್ ಮನೆ. ರಾತ್ರಿ ಒಂಬತ್ತೂವರೆ. ಪ್ಯಾಕಪ್ ಹೇಳಿ ಆಗಿದೆ. ನೀವು ಕೆನ್ನೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮೇಕಪ್ ಒರೆಸುತ್ತಿದ್ದೀರಿ. ಮ್ಯಾನೇಜರ್ ಬಂದು ಪ್ಯಾಡ್ ಮುಂದೆ ಹಿಡಿಯುತ್ತಾರೆ. ಪ್ಯಾಡಿನ ಮೇಲೆ ವೌಚರ್. ತಲೆಬರಹದಲ್ಲಿ ಕೆಲವು ಸಲ ಕಂಪನಿ ಹೆಸರು ಇರುತ್ತದೆ, ಕೆಲವು ಸಲ ಬರೀ ಧಾರಾವಾಹಿಯ ಹೆಸರು. ದಿನಾಂಕ, ನಿಮ್ಮ ಹೆಸರು, ಪಾತ್ರದ ಹೆಸರು, ಮೊತ್ತ. ಮೊತ್ತದ ಜಾಗ ಖಾಲಿ ಇದ್ದರೂ ಸಹಿ ಹಾಕಿ ಅನ್ನುತ್ತಾರೆ. ಐದು ಸಾವಿರ ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್. ಕೆಳಗೆ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಒಂದು ಸಾಲು: ನನಗೆ ಪೂರ್ತಿ ಹಣ ಸಂದಾಯವಾಗಿದೆ, ಮುಂದೆ ಯಾವ ಹಕ್ಕೂ ಕೇಳುವುದಿಲ್ಲ. ಆ ದಿನ ನಿಮ್ಮ ಕೈಗೆ ಬಂದಿರುವುದು ಬಾಟಾ, ಅಂದರೆ ದಿನದ ಕೈಖರ್ಚಿನ ದುಡ್ಡು ಮಾತ್ರ. ಉಳಿದಿದ್ದು ತಿಂಗಳು ಎರಡು ತಿಂಗಳು ಬಿಟ್ಟು. ಅಷ್ಟರಲ್ಲಿ ‘ಪೂರ್ತಿ ಬಂದಿದೆ’ ಅಂತ ಬರೆದುಕೊಟ್ಟಾಗಿದೆ!

ಆ ಕಾಗದದಲ್ಲಿ ಇಲ್ಲದ್ದನ್ನೂ ಗಮನಿಸಿ. ನೀವು ಎಷ್ಟು ಗಂಟೆಗೆ ಬಂದಿರಿ, ಎಷ್ಟು ಗಂಟೆಗೆ ಬಿಟ್ಟರು, ಆ ಕಾಲಂ ಇಲ್ಲ. ಹಾಗಾಗಿ ಬೆಳಗ್ಗೆ ಏಳರ ಕಾಲ್‌ಶೀಟ್‌ಗೆ ಬಂದು ರಾತ್ರಿ ಹತ್ತಕ್ಕೆ ಹೊರಟ ದಿನವೂ ಒಂದು ದಿನ, ಮಧ್ಯಾಹ್ನಕ್ಕೆ ಬಿಟ್ಟ ದಿನವೂ ಒಂದು ದಿನ. ಎರಡನೆಯದು ವರ್ಷಕ್ಕೊಮ್ಮೆ ಬಂದರೆ ಪುಣ್ಯ. ಮತ್ತೆ, ಪ್ರತಿ ಇಲ್ಲ. ಸಹಿ ಹಾಕಿದ ಕಾಗದ ಪ್ಯಾಡಿನ ಜೊತೆಗೇ ಹೋಗುತ್ತದೆ. ದಯವಿಟ್ಟು ಇವತ್ತಿನಿಂದ ಸಹಿ ಹಾಕುವ ಮುಂಚೆ ಮೊಬೈಲ್‌ನಲ್ಲಿ ಅದರ ಒಂದು ಫೋಟೋ ತೆಗೆದುಕೊಳ್ಳಿ. ಜಗಳ ಬೇಡ, ನಗುನಗುತ್ತಲೇ ತೆಗೆದುಕೊಳ್ಳಿ.

ಇದಕ್ಕೆ ಕಾನೂನು ಇಲ್ಲವಾ ಅಂತ ಕೇಳಬಹುದು. ಇತ್ತು. ಸಿನಿಮಾ ಕಾರ್ಮಿಕರ ಕಾಯ್ದೆ ಅಂತ 1981ರಲ್ಲೇ ಬಂತು. ಲಿಖಿತ ಒಪ್ಪಂದ ಇಲ್ಲದೆ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ, ಆ ಒಪ್ಪಂದವನ್ನು ನೋಂದಣಿ ಮಾಡಿಸಬೇಕು ಅಂತ ಅದರಲ್ಲಿತ್ತು. ಆದರೆ ಅದು ಕಥಾಚಿತ್ರಗಳಿಗೆ ಮಾತ್ರ, ಅದರಲ್ಲೂ ಒಂದು ಮಿತಿಗಿಂತ ಕಡಿಮೆ ಸಂಬಳದವರಿಗೆ ಮಾತ್ರ. ಧಾರಾವಾಹಿ ಅದರ ಲೆಕ್ಕಕ್ಕೇ ಬರಲಿಲ್ಲ. ಸಿನಿಮಾದಲ್ಲೂ ಆ ಕಾಗದವನ್ನು ಕಣ್ಣಾರೆ ಕಂಡವರನ್ನು ನಾನು ಹುಡುಕುತ್ತಲೇ ಇದ್ದೇನೆ.

ಈಗ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಒಂದು, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ 2020ರಲ್ಲಿ ಆದದ್ದು. 2025ರ ನವೆಂಬರ್ 21ರಿಂದ ಜಾರಿ ಅಂತ ಕೇಂದ್ರ ಸರ್ಕಾರ ಪ್ರಕಟಿಸಿತು. ಅದರಲ್ಲಿ ‘ದೃಶ್ಯ-ಶ್ರವ್ಯ ಕಾರ್ಮಿಕ’ ಅಂತ ಒಂದು ವರ್ಗ ಇದೆ. ಹೆಸರು ಕೇಳಿದರೆ ಟಿವಿ ರಿಪೇರಿ ಮಾಡುವವರು ಅನ್ನಿಸುತ್ತದೆ, ಇರಲಿ. ನಟರು, ಗಾಯಕರು, ನೃತ್ಯ ಮಾಡುವವರು, ನಿರೂಪಕರು, ಸುದ್ದಿ ಓದುವವರು, ಡಬ್ಬಿಂಗ್ ಕಲಾವಿದರು, ಸಾಹಸದವರು ಎಲ್ಲರೂ ಅದರೊಳಗೆ. ಟಿವಿ, ವೆಬ್ ಸರಣಿ, ಜಾಹೀರಾತು, ರಿಯಾಲಿಟಿ ಶೋ ಕೂಡ ಒಳಗೆ. ಲಿಖಿತ ಒಪ್ಪಂದ ಬೇಕು, ಅದರಲ್ಲಿ ಸಂಬಳ, ಕೆಲಸದ ಗಂಟೆ, ಸುರಕ್ಷತೆ ಎಲ್ಲ ಬರೆದಿರಬೇಕು. ಇಲ್ಲೂ ಸಂಬಳದ ಮಿತಿ ಇದೆ. ಓದಿದರೆ ಖುಷಿಯಾಗುತ್ತದೆ. 1981ರದ್ದನ್ನು ಓದಿದಾಗಲೂ ಖುಷಿಯಾಗಿತ್ತು.

ಕಾನೂನು ಪುಸ್ತಕದಿಂದ ಶೂಟಿಂಗ್ ಮನೆಗೆ ತಾನಾಗಿ ನಡೆದುಕೊಂಡು ಬರುವುದಿಲ್ಲ. ಯಾರಾದರೂ ಕರೆದುಕೊಂಡು ಬರಬೇಕು. ಯೂನಿಯನ್ ಬೇಕಾಗುವುದು ಅದಕ್ಕೇ.

ಹಾಗಾದರೆ ನಮ್ಮ ಸಂಘಗಳು ಯಾಕೆ ಆ ಕೆಲಸ ಮಾಡಿಲ್ಲ? ಪದಾಧಿಕಾರಿಗಳನ್ನು ಬೈಯುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ನಮ್ಮ ಮಾಲೀಕ ಯಾರು ಅಂತ ನಮಗೇ ಗೊತ್ತಿಲ್ಲ. ಬಿನ್ನಿ ಮಿಲ್‌ನಲ್ಲಿ ಕೆಲಸ ಮಾಡಿದವರಿಗೆ ಗೇಟ್ ಯಾವುದು ಅಂತ ಗೊತ್ತಿತ್ತು. ಎಚ್‌ಎಎಲ್, ಎಚ್‌ಎಂಟಿ ಕಾರ್ಮಿಕರಿಗೂ ಗೊತ್ತಿತ್ತು. ಗೇಟ್ ಮುಂದೆ ಕೂತರೆ ಒಳಗಿದ್ದವರಿಗೆ ಬಿಸಿ ತಟ್ಟುತ್ತಿತ್ತು. ನಮ್ಮದು ಹಾಗಲ್ಲ. ಜೂನಿಯರ್ ಆರ್ಟಿಸ್ಟ್‌ಗೆ ದುಡ್ಡು ಕೊಡುವವರು ಕೋಆರ್ಡಿನೇಟರ್. ಅವರಿಗೆ ಕೊಡುವವರು ಮ್ಯಾನೇಜರ್. ಮ್ಯಾನೇಜರ್‌ಗೆ ಪ್ರೊಡಕ್ಷನ್ ಹೌಸ್. ಅವರಿಗೆ ಚಾನೆಲ್. ಯಾರನ್ನು ಕೇಳಿದರೂ ‘ಮೇಲಿಂದ ಬಂದಿಲ್ಲ ಮೇಡಂ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಎಷ್ಟೋ ಸಲ ನಿಜವಾಗಿಯೂ ಬಂದಿರುವುದಿಲ್ಲ. ಎಪಿಸೋಡಿನ ಹಕ್ಕು ಚಾನೆಲ್‌ನದು, ಆ್ಯಪ್‌ನಲ್ಲಿ ಮತ್ತೆ ಮತ್ತೆ ಓಡಿಸುವುದು ಚಾನೆಲ್, ಜಾಹೀರಾತಿನ ದುಡ್ಡು ಚಾನೆಲ್‌ಗೆ. ಆದರೆ ಸೆಟ್‌ನಲ್ಲಿರುವ ನಮಗೂ ಚಾನೆಲ್‌ಗೂ ಕಾಗದದ ಮೇಲೆ ಯಾವ ಸಂಬಂಧವೂ ಇಲ್ಲ. ನಾವು ಜಗಳ ಆಡುವುದು ನಮ್ಮಷ್ಟೇ ಒದ್ದಾಡುತ್ತಿರುವ ಸಣ್ಣ ನಿರ್ಮಾಪಕರ ಜೊತೆ.

ಅಮೆರಿಕದ ನಟರ ಯೂನಿಯನ್ ಕಥೆಯನ್ನು ನಾನು ಈ ಕಾರಣಕ್ಕೇ ಓದುವುದು. ಹಾಲಿವುಡ್ ನೋಡಿ ಕಲಿಯಿರಿ ಅಂತ ಹೇಳಲು ಬಂದಿಲ್ಲ, ಅವರ ದುಡ್ಡೇ ಬೇರೆ. ಆದರೆ ಅವರು ಒಂದು ಕೆಲಸ ಮಾಡಿದ್ದಾರೆ: ಎದುರು ಪಾರ್ಟಿಯನ್ನು ಒಂದೇ ಮೇಜಿಗೆ ತಂದು ಕೂರಿಸಿದ್ದಾರೆ. ದೊಡ್ಡ ಸ್ಟುಡಿಯೋಗಳು, ಒಟಿಟಿ ಕಂಪನಿಗಳು ಎಲ್ಲ ಸೇರಿ ಒಂದು ಒಕ್ಕೂಟವಾಗಿ ಬಂದು ಮಾತಾಡುತ್ತವೆ. ಈ ಕಡೆ ನಟರ ಯೂನಿಯನ್ ಸ್ಯಾಗ್-ಆಫ್ಟ್ರಾ ಕೂರುತ್ತದೆ. ಸ್ಯಾಗ್ ಹುಟ್ಟಿದ್ದು 1933ರಲ್ಲಿ. ರೇಡಿಯೋ, ಟಿವಿ ಕಲಾವಿದರ ಯೂನಿಯನ್ ಜೊತೆ 2012ರಲ್ಲಿ ಒಂದಾಯಿತು. ಸುಮಾರು 1,60,000 ಸದಸ್ಯರು. ನಟರು ಮಾತ್ರ ಅಂದುಕೊಳ್ಳಬೇಡಿ, ನಿರೂಪಕರು, ಸುದ್ದಿಯವರು, ದನಿ ಕಲಾವಿದರೂ ಇದ್ದಾರೆ. ಅವರು ಕುದುರಿಸುವುದು ಕನಿಷ್ಠ ದರವನ್ನು. ಸ್ಟಾರ್ ಆದವರು ಅದರ ಮೇಲೆ ಎಷ್ಟು ಬೇಕಾದರೂ ಕೇಳಿಕೊಳ್ಳಲಿ, ಕೆಳಗೆ ಮಾತ್ರ ಯಾರೂ ಇಳಿಯುವಂತಿಲ್ಲ. ಅಲ್ಲಿಯೂ ಸದಸ್ಯರಲ್ಲಿ ಬಹುಪಾಲು ಜನ ಬರೀ ನಟನೆಯಿಂದ ಹೊಟ್ಟೆ ಹೊರೆಯುವಷ್ಟು ದುಡಿಯುವುದಿಲ್ಲ. ಯೂನಿಯನ್ನಿನ ಆರೋಗ್ಯ ವಿಮೆ ಸಿಗಬೇಕಾದರೆ 2023ರಲ್ಲಿ ವರ್ಷಕ್ಕೆ ಸುಮಾರು 26,000 ಡಾಲರ್ ಗಳಿಸಬೇಕಿತ್ತು, ಅಷ್ಟು ಮುಟ್ಟದವರೇ ಜಾಸ್ತಿ.

1960ರಲ್ಲಿ ಅವರು ಮಾಡಿದ ಮುಷ್ಕರದ ನಾಯಕ ಯಾರು ಗೊತ್ತಾ? ರೊನಾಲ್ಡ್ ರೇಗನ್. ಮುಂದೆ ಅಮೆರಿಕದ ಅಧ್ಯಕ್ಷರಾಗಿ, 1981ರಲ್ಲಿ ಮುಷ್ಕರ ಹೂಡಿದ ಸಾವಿರಾರು ವಿಮಾನ ಸಂಚಾರ ನಿಯಂತ್ರಕರನ್ನು ಒಂದೇ ಏಟಿಗೆ ಕೆಲಸದಿಂದ ಕಿತ್ತುಹಾಕಿದವರೂ ಅವರೇ. ಯೂನಿಯನ್ ನಾಯಕರು ಮೇಲೆ ಹೋದ ಮೇಲೆ ಏನಾಗುತ್ತಾರೆ ಅಂತ ನಮಗೇನು ಹೊಸದಾಗಿ ಹೇಳಬೇಕಾಗಿಲ್ಲ ಬಿಡಿ. ಆ ಮುಷ್ಕರದಲ್ಲಿ ಟಿವಿಯಲ್ಲಿ ಸಿನಿಮಾ ಮರುಪ್ರಸಾರ ಆದಾಗ ನಟರಿಗೆ ಪಾಲು ಬೇಕು ಅಂತ ಕೇಳಿದರು. ಸಿಕ್ಕಿತು, ಆದರೆ ಮುಂದೆ ಮಾಡುವ ಸಿನಿಮಾಗಳಿಗೆ ಮಾತ್ರ. ಅದಕ್ಕೂ ಹಿಂದಿನ ಸಿನಿಮಾಗಳ ಪಾಲು ಬಿಟ್ಟುಕೊಟ್ಟು, ಬದಲಿಗೆ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಇಡುಗಂಟು ಪಡೆದರು. ಹಳೆಯ ನಟರಲ್ಲಿ ಕೆಲವರು ಆ ಸಿಟ್ಟನ್ನು ಬಿಡಲೇ ಇಲ್ಲ. ನನಗೆ ಈ ಭಾಗ ಮುಖ್ಯ ಅನ್ನಿಸುತ್ತದೆ. ಮೇಜಿಗೆ ಕೂತ ಮೇಲೆ ಏನಾದರೂ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟವರನ್ನು ನಮ್ಮವರೇ ಬೈಯುತ್ತಾರೆ. ನಮ್ಮ ಸಂಘಗಳಿಗೆ ಸನ್ಮಾನ ಸಮಾರಂಭ ಇಷ್ಟ ಆಗುವುದು ಅದರಲ್ಲಿ ಬೈಸಿಕೊಳ್ಳುವ ಪ್ರಮೇಯ ಇಲ್ಲದ್ದಕ್ಕೇ ಇರಬಹುದು.

2023ರಲ್ಲಿ ಅಮೆರಿಕದ ನಟರು 118 ದಿನ ಕೆಲಸ ನಿಲ್ಲಿಸಿದ್ದು ನಿಮಗೆ ನೆನಪಿರಬೇಕು. ಬರಹಗಾರರದು 148 ದಿನ. ಆಗಿನ ದೊಡ್ಡ ತಕರಾರುಗಳಲ್ಲಿ ಒಂದು, ಹಿಂದೆ ನಿಲ್ಲುವ ಜೂನಿಯರ್ ಕಲಾವಿದರನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿಟ್ಟುಕೊಂಡು, ಆಮೇಲೆ ಆ ಮನುಷ್ಯನನ್ನು ಕರೆಯದೆಯೇ ಬಳಸಬಹುದಾ ಅನ್ನುವುದು. ಕೇಳಿ ಒಪ್ಪಿಗೆ ಪಡೆಯಬೇಕು, ದುಡ್ಡು ಕೊಡಬೇಕು ಅಂತ ಕೊನೆಗೆ ಒಪ್ಪಂದದಲ್ಲಿ ಬಂತು.

ಇದನ್ನು ನಮ್ಮ ಕಾನೂನಿನ ಪಕ್ಕ ಇಟ್ಟು ನೋಡಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಕಲಾವಿದರ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಅವರಿಗೆ ರಾಯಲ್ಟಿ ಸಲ್ಲಬೇಕು ಅಂತ ಬಂತು. ಒಳ್ಳೆಯದು. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಸೇರಿತು. ಸಿನಿಮಾದಲ್ಲಿ ಸುಮ್ಮನೆ ಬಂದು ಹೋಗುವ, ರೂಢಿಯ ಪ್ರಕಾರ ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕದ ವ್ಯಕ್ತಿಯನ್ನು ‘ಪ್ರದರ್ಶಕ’ ಅಂತ ಪರಿಗಣಿಸುವುದಿಲ್ಲ. ತನ್ನ ಮಾನಕ್ಕೆ ಕುಂದು ಬರುವ ಹಾಗೆ ದೃಶ್ಯವನ್ನು ತಿರುಚಿದರೆ ತಕರಾರು ಮಾಡುವ ಹಕ್ಕು ಮಾತ್ರ ಉಳಿಸಿದ್ದಾರೆ. ಅಂದರೆ ಮದುವೆ ಮನೆ ಸೀನಿನಲ್ಲಿ ಬೆಳಗ್ಗಿಂದ ರೇಷ್ಮೆ ಸೀರೆ ಉಟ್ಟು ಅಕ್ಷತೆ ಹಾಕುತ್ತಾ ಕೂತ ಇಪ್ಪತ್ತು ಹೆಂಗಸರು ಈ ಕಾಯ್ದೆಯ ಕಣ್ಣಿಗೆ ಕಲಾವಿದರೇ ಅಲ್ಲ. ಟೈಟಲ್‌ನಲ್ಲಿ ಹೆಸರು ಹಾಕುವುದು ಬಿಡುವುದು ನಿರ್ಮಾಪಕರ ಕೈಲಿ. ಹೆಸರು ಹಾಕದಿದ್ದರೆ ಹಕ್ಕೂ ಇಲ್ಲ. ಎಂಥ ಲೆಕ್ಕಾಚಾರ ನೋಡಿ!

ನಾನು ಹೊಟ್ಟೆಪಾಡಿಗೆ ಕಂಠದಾನ ಮಾಡುವವಳು. ಹಾಗಾಗಿ ದನಿಯ ವಿಷಯ ಸ್ವಲ್ಪ ಹೆಚ್ಚು ಹೇಳುತ್ತೇನೆ, ಸಹಿಸಿಕೊಳ್ಳಿ. ಈ ಊರಿನಲ್ಲಿ ನಮಗೆ ಈಗ ಹೊಸ ಥರದ ಕೆಲಸ ಬರುತ್ತಿದೆ. ಪಾತ್ರ ಇಲ್ಲ, ಸೀನ್ ಇಲ್ಲ. ಕೋರಮಂಗಲದಲ್ಲೋ ಎಚ್‌ಎಸ್‌ಆರ್ ಲೇಔಟ್‌ನಲ್ಲೋ ಒಂದು ಸಣ್ಣ ಬೂತ್. ಎದುರಿಗೆ ಪರದೆಯ ಮೇಲೆ ಒಂದೊಂದೇ ವಾಕ್ಯ ಬರುತ್ತದೆ. ‘ನಿಮ್ಮ ಓಟಿಪಿ ನಮೂದಿಸಿ.’ ‘ಮೈಸೂರಿಗೆ ಮುಂದಿನ ರೈಲು ಎಷ್ಟು ಗಂಟೆಗೆ?’ ‘ಅಜ್ಜಿ ಹಿತ್ತಲಲ್ಲಿ ಕರಿಬೇವು ಬಿಡಿಸುತ್ತಿದ್ದರು.’ ಒಂದಕ್ಕೊಂದು ಸಂಬಂಧ ಇಲ್ಲದ ನೂರಾರು ವಾಕ್ಯ. ಖುಷಿಯಲ್ಲಿ ಓದಿ, ಬೇಜಾರಿನಲ್ಲಿ ಓದಿ, ಪಿಸುಗುಟ್ಟಿ. ಯಂತ್ರಕ್ಕೆ ಕನ್ನಡ ಮಾತಾಡಲು ಕಲಿಸುವ ಕೆಲಸ. ದುಡ್ಡು ಬೇಗ ಕೊಡುತ್ತಾರೆ, ಅದಕ್ಕೇ ಎಲ್ಲರೂ ಹೋಗುತ್ತೇವೆ. ಹೊರಗೆ ಬರುವಾಗ ಒಂದು ಫಾರಂಗೆ ಸಹಿ. ನಾನು ಸಹಿ ಹಾಕಿದ ಒಂದರಲ್ಲಿ, ಈಗಿರುವ ಹಾಗೂ ಮುಂದೆ ಕಂಡುಹಿಡಿಯಬಹುದಾದ ಎಲ್ಲ ತಂತ್ರಜ್ಞಾನಗಳಲ್ಲಿ, ಜಗತ್ತಿನ ಎಲ್ಲ ಕಡೆ, ಕೊನೆಯಿಲ್ಲದ ಕಾಲದವರೆಗೆ ಈ ದನಿ ಕಂಪನಿಯದು ಅಂತ ಇತ್ತು. ಮುಂದೆ ಕಂಡುಹಿಡಿಯುವುದಕ್ಕೂ ಈಗಲೇ ಸಹಿ. ತಿದ್ದಲು ಆಗುತ್ತದಾ ಅಂತ ಕೇಳಿದೆ. ಲೀಗಲ್‌ನವರನ್ನು ಕೇಳಬೇಕು ಮೇಡಂ, ಆದರೆ ಹೊರಗೆ ಇನ್ನೂ ಮೂವರು ಕಾಯುತ್ತಿದ್ದಾರೆ ಅಂದಳು ಆ ಹುಡುಗಿ. ಪಾಪ, ಅವಳೂ ಕಾಂಟ್ರ್ಯಾಕ್ಟ್ ಮೇಲೆ ಇರುವವಳೇ.

2024ರಲ್ಲಿ ಗಾಯಕ ಅರಿಜಿತ್ ಸಿಂಗ್ ತಮ್ಮ ದನಿಯನ್ನು ಎಐ ಸಾಧನಗಳು ನಕಲು ಮಾಡುತ್ತಿವೆ ಅಂತ ಬಾಂಬೆ ಹೈಕೋರ್ಟಿಗೆ ಹೋದರು. ಕೋರ್ಟು ತಾತ್ಕಾಲಿಕ ತಡೆ ಕೊಟ್ಟಿತು. ಅವರ ದನಿ ಇಡೀ ದೇಶಕ್ಕೆ ಗೊತ್ತು. ನಮ್ಮ ದನಿ ಯಾರದು ಅಂತ ನೋಡುವವರಿಗೆ ಗೊತ್ತಾಗಬಾರದು ಅನ್ನುವುದೇ ನಮ್ಮ ಕಸುಬು. ಪರಭಾಷೆಯಿಂದ ಬಂದ ನಾಯಕಿಗೆ ನಾನು ದನಿ ಕೊಟ್ಟರೆ ಅದು ಅವಳದೇ ಅನ್ನಿಸಬೇಕು. ಹಾಗಿರುವಾಗ ಕೋರ್ಟಿನಲ್ಲಿ ‘ಇದು ನನ್ನ ದನಿ’ ಅಂತ ಒಬ್ಬಳೇ ನಿಂತು ಸಾಬೀತು ಮಾಡುವುದು ಹೇಗೆ, ಹೇಳಿ? ಫಾರಂ ಬದಲಾಗಬೇಕು. ಹೊರಗೆ ಕಾಯುತ್ತಿರುವ ಆ ಮೂವರೂ ‘ಬಳಕೆ ಯಾವುದಕ್ಕೆ, ಎಷ್ಟು ವರ್ಷಕ್ಕೆ ಅಂತ ಬರೆಯದೆ ಸಹಿ ಇಲ್ಲ’ ಅಂದರೆ ಮಾತ್ರ ಅದು ಬದಲಾಗುತ್ತದೆ.

ಇಲ್ಲಿ ಒಂದು ಕಹಿ ಮಾತು ಹೇಳಬೇಕು. ನಮ್ಮ ಸಂಘಗಳು ಒಟ್ಟಾಗಿ ಗಟ್ಟಿ ದನಿ ಎತ್ತಿದ ಸಂದರ್ಭಗಳೂ ಇವೆ. ಆದರೆ ಹೆಚ್ಚಾಗಿ ಯಾರನ್ನಾದರೂ ಹೊರಗಿಡಲು ಎತ್ತಿದ್ದೇವೆ. ಡಬ್ಬಿಂಗ್ ವಿಷಯವನ್ನೇ ತೆಗೆದುಕೊಳ್ಳಿ. ದಶಕಗಳ ಕಾಲ ಪರಭಾಷೆಯ ಸಿನಿಮಾ, ಧಾರಾವಾಹಿ ಕನ್ನಡಕ್ಕೆ ಡಬ್ ಆಗದಂತೆ ತಡೆದೆವು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ, ಮಾರುಕಟ್ಟೆಯಲ್ಲಿ ಪೈಪೋಟಿಗೆ ಅಡ್ಡಿ ಆಗದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ 2015ರಲ್ಲಿ ಫಿಲಂ ಚೇಂಬರ್, ಟಿವಿ ಅಸೋಸಿಯೇಷನ್ ಮುಂತಾದವಕ್ಕೆ ದಂಡ ಹಾಕಿತು. ಕೋಲ್ಕತ್ತಾದಲ್ಲಿ ಹಿಂದಿ ಮಹಾಭಾರತ ಧಾರಾವಾಹಿ ಬಂಗಾಳಿಗೆ ಡಬ್ ಆಗಿ ಪ್ರಸಾರ ಆಗುವುದನ್ನು ಅಲ್ಲಿನ ಕಲಾವಿದರು, ತಂತ್ರಜ್ಞರ ಸಮಿತಿ ವಿರೋಧಿಸಿತು. ಆ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಾವು ಟ್ರೇಡ್ ಯೂನಿಯನ್, ಸ್ಪರ್ಧಾ ಕಾಯ್ದೆ ನಮಗೆ ಅನ್ವಯ ಆಗುವುದಿಲ್ಲ ಅಂತ ಸಮಿತಿಯವರು ವಾದಿಸಿದರು. 2017ರ ಮಾರ್ಚ್‌ನಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಕೂಲಿಗಾಗಿ ಒಟ್ಟಾಗುವುದು ಬೇರೆ, ಮಾರುಕಟ್ಟೆಗೆ ಇನ್ನೊಬ್ಬರ ಸರಕು ಬರದಂತೆ ಬಾಗಿಲು ಹಾಕುವುದು ಬೇರೆ. ನಾನು ಆ ತೀರ್ಪನ್ನು ಅರ್ಥ ಮಾಡಿಕೊಂಡಿದ್ದು ಹೀಗೆ.

ಡಬ್ಬಿಂಗ್ ಬಂದರೆ ಕನ್ನಡ ಧಾರಾವಾಹಿಯವರ ಹೊಟ್ಟೆಗೆ ಕಲ್ಲು ಬೀಳುತ್ತದೆ ಅನ್ನುವ ಭಯ ಸುಳ್ಳಾಗಿರಲಿಲ್ಲ. ಆ ಭಯವನ್ನು ನಾನು ಗೌರವಿಸುತ್ತೇನೆ. ಆದರೆ 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು ಎಲ್ಲರೂ ಮನೆಯಲ್ಲಿ ಕೂತಿದ್ದಾಗ, ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡದ ದನಿಯಲ್ಲಿ ಬಂದವು. ಅದೂ ಕೆಲಸವೇ, ಅದನ್ನು ಮಾಡಿದವರೂ ಕನ್ನಡದ ಕಲಾವಿದರೇ. ಇಷ್ಟು ವರ್ಷ ಬಾಗಿಲು ಕಾಯುವುದರಲ್ಲಿ ಕಳೆದ ಶಕ್ತಿಯಲ್ಲಿ ಅರ್ಧವನ್ನು ಡಬ್ಬಿಂಗ್ ದರ ನಿಗದಿ ಮಾಡಲು ಹಾಕಿದ್ದರೆ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಮುಂಬೈನ ಮೇಕಪ್ ಕಲಾವಿದರ ಸಂಘದಲ್ಲಿ ಹೆಂಗಸರಿಗೆ ಮೇಕಪ್ ಕಲಾವಿದರ ಕಾರ್ಡ್ ಕೊಡುತ್ತಿರಲಿಲ್ಲ. ಕೂದಲು ಬಾಚಿ, ಜಡೆ ಹಾಕಿ, ಮೇಕಪ್ ಮಾತ್ರ ಗಂಡಸರದು. ಕಾರ್ಡ್ ಇಲ್ಲದಿದ್ದರೆ ಸೆಟ್‌ಗೆ ಬಿಡುವುದಿಲ್ಲ. ಚಾರು ಖುರಾನಾ ಅನ್ನುವವರು ಕೋರ್ಟಿಗೆ ಹೋದರು. 2014ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ಕಿತ್ತುಹಾಕಿತು. ಒಂದು ಯೂನಿಯನ್ ತನ್ನದೇ ಕಸುಬಿನ ಹೆಂಗಸರ ಮೇಲೆ ದಶಕಗಟ್ಟಲೆ ಹಾಗೆ ಬೀಗ ಹಾಕಿತ್ತು. ಕೇರಳದಲ್ಲಿ ಮಲಯಾಳಂ ಸಿನಿಮಾದ ಹೆಂಗಸರ ಪರಿಸ್ಥಿತಿ ಅಧ್ಯಯನ ಮಾಡಿದ ಹೇಮಾ ಸಮಿತಿಯ ವರದಿ 2019ರ ಕೊನೆಗೇ ಸರ್ಕಾರದ ಕೈ ಸೇರಿದ್ದರೂ ಹೊರಗೆ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಅದಾದ ಎಂಟೇ ದಿನಕ್ಕೆ ಅಲ್ಲಿನ ಕಲಾವಿದರ ಸಂಘದ ಇಡೀ ಕಾರ್ಯಕಾರಿ ಸಮಿತಿ ರಾಜೀನಾಮೆ ಕೊಟ್ಟಿತು. ಆ ವರದಿ ಬರುವ ಹಾಗೆ ಮಾಡಿದ್ದು ಹೆಂಗಸರು 2017ರಲ್ಲಿ ಬೇರೆಯಾಗಿ ಕಟ್ಟಿಕೊಂಡ ಗುಂಪು. ಅದೇ ಗುಂಪಿನ ಅರ್ಜಿಯ ಮೇಲೆ 2022ರಲ್ಲಿ ಕೇರಳ ಹೈಕೋರ್ಟು, ಪ್ರತಿ ಸಿನಿಮಾ ಯೂನಿಟ್‌ನಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು ಅಂತ ಹೇಳಿತು. ನಮ್ಮಲ್ಲೂ 2024ರ ಸೆಪ್ಟೆಂಬರ್‌ನಲ್ಲಿ ಚಿತ್ರರಂಗದವರೇ ಇರುವ ‘ಫೈರ್’ ಸಂಸ್ಥೆಯವರು ಹೇಮಾ ಸಮಿತಿಯಂಥದ್ದೇ ಸಮಿತಿ ಬೇಕು ಅಂತ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ನೀವು ಈಗ ಕೆಲಸ ಮಾಡುತ್ತಿರುವ ಸೆಟ್‌ನಲ್ಲಿ ಕಿರುಕುಳದ ದೂರು ಕೇಳುವ ಸಮಿತಿಯ ಸದಸ್ಯರ ಹೆಸರು ಎಲ್ಲಾದರೂ ಬರೆದು ಹಾಕಿದ್ದಾರಾ? ಬಟ್ಟೆ ಬದಲಾಯಿಸಲು ಜಾಗ ಕೇಳಿದರೇ ಮುಖ ನೋಡುತ್ತಾರೆ.

ಪೆಟ್ಟಾಗುವ ವಿಷಯ. ಇದನ್ನು ದೀರ್ಘವಾಗಿ ಹೇಳಲು ನನ್ನಿಂದ ಆಗುವುದಿಲ್ಲ. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಬೆಂಕಿಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮೇಲೆ ಬರಲಿಲ್ಲ. ಟಿವಿಯಲ್ಲಿ ಎಲ್ಲರೂ ನೋಡಿದೆವು. 2021ರಲ್ಲಿ ಬಿಡದಿ ಹತ್ತಿರ ಶೂಟಿಂಗ್‌ನಲ್ಲಿ ವಿದ್ಯುತ್ ತಗುಲಿ ಒಬ್ಬ ಸಾಹಸ ಕಲಾವಿದ ಹೋದ. ಪ್ರತಿ ಸಲ ಕೇಸ್ ಆಗುತ್ತದೆ, ಪರಿಹಾರದ ಘೋಷಣೆ ಆಗುತ್ತದೆ, ಶ್ರದ್ಧಾಂಜಲಿ ಸಭೆ ಆಗುತ್ತದೆ. ಲೈಫ್ ಜಾಕೆಟ್ ಇಲ್ಲದೆ ಹಾರುವುದಿಲ್ಲ ಅಂತ ಒಬ್ಬ ಫೈಟರ್ ಸೆಟ್‌ನಲ್ಲಿ ಹೇಳಿದರೆ, ಅವನಿಗೆ ಮುಂದಿನ ಸಿನಿಮಾ ಸಿಗುವುದಿಲ್ಲ. ಅದೇ ಮಾತನ್ನು ಅವನ ಯೂನಿಯನ್ನಿನ ಒಂದು ಹಾಳೆ ಹೇಳಿದರೆ? ಜೀವ ಉಳಿಸುವಷ್ಟು ಬೆಲೆ ಆ ಹಾಳೆಗೆ ಇದೆ.

ಪತ್ರಕರ್ತ ಮಿತ್ರರಿಗೆ ಎರಡು ಮಾತು. ನಿಮಗೆ ನಮಗಿಂತ ಗಟ್ಟಿ ಕಾನೂನು 1955ರಿಂದಲೇ ಇತ್ತು. ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು. ಯಾಕೆ ನಗುತ್ತಿದ್ದೀರಿ? ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರಲ್ಲಿ ಜಾರಿಗೆ ಬಂತು. ಮಾಲೀಕರು ಪ್ರಶ್ನಿಸಿದರು, 2014ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆದರೂ ಕಾಂಟ್ರ್ಯಾಕ್ಟ್ ಅನ್ನುವ ಒಂದು ಶಬ್ದದ ಮರೆಯಲ್ಲಿ ಎಷ್ಟೋ ಕಡೆ ಅದು ತಲುಪಲೇ ಇಲ್ಲ. ಟಿವಿಯವರಂತೂ ಹಳೆಯ ಕಾಯ್ದೆಯ ಹೊರಗೇ ಇದ್ದರು. ಹೊಸ ಸಂಹಿತೆಯ ವ್ಯಾಖ್ಯೆಯಲ್ಲಿ ಎಲೆಕ್ಟ್ರಾನಿಕ್, ಡಿಜಿಟಲ್ ಮಾಧ್ಯಮ ಎರಡನ್ನೂ ಸೇರಿಸಿದ್ದಾರೆ. ಕೆಲಸದಿಂದ ತೆಗೆದಾಗ ಪ್ರೆಸ್ ಕ್ಲಬ್ಬಿನಲ್ಲಿ ಸಂತಾಪ ಸಿಗುತ್ತದೆ, ನೋಟಿಸ್ ಅವಧಿಯ ಸಂಬಳ ಸಿಗುವುದಿಲ್ಲ. ನಮ್ಮ ಕಷ್ಟವೂ ನಿಮ್ಮ ಕಷ್ಟವೂ ಒಂದೇ ಕಡೆ ಬಂದು ನಿಲ್ಲುತ್ತದೆ. ಅದಕ್ಕೇ ನಿಮ್ಮನ್ನೂ ಕರೆಯಿರಿ ಅಂತ ಸಂಘಟಕರಿಗೆ ಹೇಳಿದ್ದೆ.

ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ ಮಾಡಿತು. ಟಿಕೆಟ್, ಚಂದಾ ಹಣದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ ನಿಧಿ ಮಾಡುವುದು ಅದರ ಉದ್ದೇಶ. ಸ್ವಾಗತ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಅದು ಬೇಕೇ ಬೇಕು. ಆದರೆ ಕ್ಷೇಮನಿಧಿ ನಿಮ್ಮ ಪರವಾಗಿ ಕೂಲಿ ಕುದುರಿಸುವುದಿಲ್ಲ.

ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಮಗೆ ಒಂದು ದೊಡ್ಡ ತೊಡಕೂ ಇದೆ. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮಾಲೀಕರು ಯಾವ ಯೂನಿಯನ್ ಜೊತೆ ಮಾತಾಡಬೇಕು? ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದರೆ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51 ಜನ ಯಾರ ಕಡೆಯೋ ಅವರ ಜೊತೆ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20 ಇರುವ ಯೂನಿಯನ್‌ಗಳು ಸೇರಿದ ಒಂದು ಮಂಡಳಿ. ಕೇಳಲು ಸರಿಯಾಗಿದೆ. ಆದರೆ ನಮ್ಮ ಹಾಜರಿ ಪಟ್ಟಿ ಎಲ್ಲಿದೆ? ಇವತ್ತು ಈ ಸೆಟ್, ನಾಳೆ ಇನ್ನೊಂದು. ಆರು ತಿಂಗಳ ತಿರುಗಾಟಕ್ಕೆ ಒಂದು ಮೇಳ ಸೇರುವ ಯಕ್ಷಗಾನ ಕಲಾವಿದರಿಗಾದರೂ ಆ ಆರು ತಿಂಗಳು ಮೇಳದ ಲೆಕ್ಕದಲ್ಲಿ ಹೆಸರು ಇರುತ್ತದೆ. ನಮ್ಮ ಹೆಸರು ಇರುವುದು ಆ ವೌಚರಿನಲ್ಲಿ ಮಾತ್ರ. ಹಾಗಾಗಿ ಪ್ರತಿಯೊಬ್ಬರೂ ಸ್ವಂತ ಒಂದು ಡೈರಿ ಇಡಿ. ಯಾವ ದಿನ, ಯಾವ ಸೆಟ್, ಬಂದ ಸಮಯ, ಬಿಟ್ಟ ಸಮಯ. ನೂರು ಜನರ ಆರು ತಿಂಗಳ ಡೈರಿ ಒಟ್ಟಿಗೆ ಇಟ್ಟರೆ ಅದೇ ನಮ್ಮ ಹಾಜರಿ ಪಟ್ಟಿ. ಚಾನೆಲ್ ಮುಂದೆ ಕೂರುವಾಗ ಭಾಷಣಕ್ಕಿಂತ ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

‘ಒಪ್ಪಂದ ಕೇಳಿದರೆ ಪಾತ್ರವನ್ನೇ ಸಾಯಿಸಿಬಿಡುತ್ತಾರೆ ಅಲ್ವಾ ಅಕ್ಕಾ?’ ಅಂತ ಒಬ್ಬ ಹುಡುಗ ಕೇಳಿದ. ಹೌದು, ಸಾಯಿಸಬಹುದು. ಸಾಯಿಸದಿದ್ದರೆ ಎಂ.ಎಸ್. ಓದಲು ಅಮೆರಿಕಕ್ಕೆ ಕಳಿಸುತ್ತಾರೆ, ಇಲ್ಲವೇ ಅದೇ ಪಾತ್ರಕ್ಕೆ ಬೇರೆ ಮುಖ ತರುತ್ತಾರೆ. ಅದಕ್ಕೇ ಒಬ್ಬನೇ ಹೋಗಿ ಕೇಳಬೇಡ ಅನ್ನುವುದು. ಒಂದು ಧಾರಾವಾಹಿಯ ಮನೆ ಮಂದಿಯನ್ನೆಲ್ಲ ಒಂದೇ ವಾರದಲ್ಲಿ ಅಮೆರಿಕಕ್ಕೆ ಕಳಿಸಲು ಯಾವ ಕಥೆಗಾರನಿಗೂ ಆಗುವುದಿಲ್ಲ. ಮೊದಲ ಬೇಡಿಕೆ ಸಣ್ಣದಿರಲಿ. ಸಂಬಳ ಜಾಸ್ತಿ ಮಾಡಿ ಅಂತ ಶುರು ಮಾಡಬೇಡಿ. ವೌಚರಿನಲ್ಲಿ ಬಂದ ಸಮಯ, ಬಿಟ್ಟ ಸಮಯದ ಎರಡು ಕಾಲಂ ಹಾಕಿ, ಒಂದು ಪ್ರತಿ ನಮಗೆ ಕೊಡಿ ಅನ್ನಿ. ಅದಕ್ಕೆ ಇಲ್ಲ ಅನ್ನಲು ಯಾರಿಗಾದರೂ ಕಷ್ಟ.

‘ಹೊಸ ಸಂಘ ಯಾಕೆ, ಇರುವ ಒಕ್ಕೂಟದಲ್ಲೇ ಕೇಳಬಾರದಾ?’ ಅಂತ ಹಿರಿಯ ಕ್ಯಾಮೆರಾಮನ್ ಒಬ್ಬರು ಕೇಳಿದರು. ಕೇಳಬಹುದು ಸರ್, ಮೊದಲು ಅಲ್ಲೇ ಕೇಳಬೇಕು. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ವೌಚರಿನ ವಿಷಯ ಸೇರಿಸಿ ಅಂತ ಬರವಣಿಗೆಯಲ್ಲಿ ಪತ್ರ ಕೊಡಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ಅಲ್ಲಿ ಆಗಲಿಲ್ಲ ಅಂದರೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನ ಇದೆ. ಹೊಸ ಯೂನಿಯನ್ನಿನ ಅರ್ಜಿಗೆ ಏಳು ಜನರ ಸಹಿ ಸಾಕು, ಆದರೆ ನೋಂದಣಿ ಆಗಬೇಕಾದರೆ ಆ ಕಸುಬಿನ ನೂರು ಜನ, ಇಲ್ಲವೇ ಶೇ 10 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. ಅರ್ಜಿದಾರರ ಹೆಸರು, ಕಸುಬು, ವಿಳಾಸ ಎಲ್ಲ ಬಹಿರಂಗವಾಗಿ ಬರೆದುಕೊಡಬೇಕು. ಆ ಏಳು ಹೆಸರು ಯಾರವು ಅಂತ ನೀವೇ ಮಾತಾಡಿಕೊಳ್ಳಿ. ಮೊದಲನೆಯದಾಗಿ ನನ್ನದನ್ನು ಬರೆದುಕೊಳ್ಳಿ.